ಪಂಜರದ ಕುರುಡಿಗೆ ಆಹಾರ ಹಾಕುವ ಕ್ರಮ: ಅಳಿವೆಯಲ್ಲಿ ಸೀಬಾಸ್ ಸಾಕುವವರಿಗೊಂದು ಮಾರ್ಗದರ್ಶಿ

ಹೊಳೆಯಲ್ಲಿ ತೇಲಬಿಟ್ಟ ಬಲೆಯ ಪಂಜರದಲ್ಲಿ ಕುರುಡಿ ಮೀನು ಸಾಕುವವರಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಆಹಾರದ್ದು. ಪಂಜರದ ಚೌಕಟ್ಟು ಒಮ್ಮೆ ಮಾಡಿಸಿದರೆ ಕೆಲವು ವರ್ಷ ಬಾಳುತ್ತದೆ, ಮರಿ ತರುವುದು ಬೆಳೆಗೊಮ್ಮೆ. ಆಹಾರ ಹಾಗಲ್ಲ, ಬೆಳಗಾದರೆ ಬೇಕು. ಒಂದು ಬೆಳೆಯ ಒಟ್ಟು ಖರ್ಚಿನಲ್ಲಿ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮೀನಿನ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೇ ಹೋದರೆ ಚಿಂತೆಯಿಲ್ಲ. ದುಡ್ಡು ಕೊಟ್ಟು ತಂದದ್ದರಲ್ಲಿ ಒಂದಿಷ್ಟು ಬಲೆಯ ಕಣ್ಣಿನಲ್ಲಿ ತೂರಿ ಹೊಳೆಯ ತಳ ಸೇರುತ್ತದಲ್ಲ, ಅದನ್ನು ತಡೆಯುವ ದಾರಿಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಎಷ್ಟು ಹಾಕಬೇಕೆಂದು ಫೀಡ್ ಚೀಲದ ಮೇಲೆ ಅಚ್ಚಾಗಿರುವ ಪಟ್ಟಿ ಬೇಡವೆಂದಲ್ಲ. ಆದರೆ ಆ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಮೀನನ್ನು.

ಕುರುಡಿ ಎಂದರೆ ಸೀಬಾಸ್. ಕೊಂಕಣಿಗರು ಚೊಣಕ್ ಎನ್ನುತ್ತಾರೆ, ಬಂಗಾಳಿಗಳಿಗೆ ಭೇಟ್ಕಿ, ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ. ಸಮುದ್ರದಲ್ಲೂ ಅಳಿವೆಯಲ್ಲೂ ಸಿಹಿನೀರಿನ ಹೊಳೆಯಲ್ಲೂ ಬದುಕುತ್ತದೆ, ಮೊಟ್ಟೆಯಿಡಲು ಮಾತ್ರ ಉಪ್ಪುನೀರು ಬೇಕು. ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ) 1997ರಲ್ಲಿ ಇದನ್ನು ತೊಟ್ಟಿಯಲ್ಲೇ ಮರಿ ಮಾಡಿಸಿತು. ನಮ್ಮ ದೇಶದಲ್ಲಿ ಅದೇ ಮೊದಲು. 2007ರಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಶಾಖಪಟ್ಟಣದ ಕಡಲಿನಲ್ಲಿ ತೇಲುವ ಪಂಜರ ಇಳಿಸಿದಾಗ ಅದರಲ್ಲಿ ಬಿಟ್ಟದ್ದೂ ಇದೇ ಮೀನು. ಅಲ್ಲಿಂದ ಮುಂದೆ ನಮ್ಮ ಉಪ್ಪುಂದ, ಬೈಂದೂರು, ಕುಂದಾಪುರ, ಕಾರವಾರದ ಕಡೆಗೂ ಪಂಜರಗಳು ಬಂದವು.

ಹೆಜ್ಜೆ 1: ಮೊದಲು ಇದು ಬೇಟೆಯಾಡುವ ಬಗೆ ತಿಳಿಯಿರಿ

ಕುರುಡಿ ಓಡಾಡಿ ಬೇಟೆಯಾಡುವ ಮೀನಲ್ಲ. ಅಳಿವೆಯ ಕಾಂಡ್ಲಾ ಗಿಡಗಳ ಬೇರಿನ ಮರೆಯಲ್ಲೋ ಬಂಡೆಯ ನೆರಳಲ್ಲೋ ಕದಲದೆ ನಿಂತು ಕಾಯುತ್ತದೆ. ಸಿಗಡಿಯೋ ಸಣ್ಣ ಮೀನೋ ಹತ್ತಿರ ಬಂದ ಕೂಡಲೇ ಬಾಯಿಯನ್ನು ಒಮ್ಮೆಲೇ ಅಗಲವಾಗಿ ತೆರೆಯುತ್ತದೆ. ಬಾಯಿಯೊಳಗೆ ಒತ್ತಡ ತಟ್ಟನೆ ಕಡಿಮೆಯಾಗಿ ಸುತ್ತಲಿನ ನೀರು ಬೇಟೆಯ ಸಮೇತ ಒಳನುಗ್ಗುತ್ತದೆ. ರಾತ್ರಿ ಪಂಜರದ ಬಳಿ ಕೇಳುವ ‘ಟಪ್’ ಸದ್ದು ಅದೇ. ಹಲ್ಲುಗಳು ಮಖಮಲ್ಲಿನಂತೆ ಸಣ್ಣವು, ಜಾರುವ ಬೇಟೆಯನ್ನು ಹಿಡಿದಿಡಲು ಸಾಕು, ಕಚ್ಚಿ ತುಂಡು ಮಾಡಲು ಬಾರವು. ಹಾಗಾಗಿ ಇದು ಏನನ್ನೇ ತಿಂದರೂ ಇಡಿಯಾಗಿ ನುಂಗುತ್ತದೆ. ಬಾಯಿಗೆ ಹಿಡಿಸದ ತುಂಡನ್ನು ಕಿತ್ತು ತಿನ್ನುವ ಗೋಜಿಗೆ ಹೋಗುವುದಿಲ್ಲ, ಬಿಟ್ಟುಬಿಡುತ್ತದೆ.

ಬೆಳೆದ ಹಾಗೆ ಊಟವೂ ಬದಲಾಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿಗಳನ್ನು ತಿನ್ನುತ್ತದೆ. 1ರಿಂದ 10 ಸೆಂ.ಮೀ. ಉದ್ದದ ಕಾಡು ಮರಿಗಳ ಹೊಟ್ಟೆ ಸೀಳಿ ನೋಡಿದವರು ಅದರಲ್ಲಿ ಸುಮಾರು 20 ಶೇಕಡಾ ಪ್ಲವಕಗಳನ್ನೂ (ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು) ಉಳಿದಂತೆ ಸಿಗಡಿ, ಸಣ್ಣ ಮೀನುಗಳನ್ನೂ ಕಂಡಿದ್ದಾರೆ. 20 ಸೆಂ.ಮೀ. ದಾಟಿದ ಮೇಲೆ ಪೂರ್ತಿ ಮಾಂಸಾಹಾರ: ಸುಮಾರು 70 ಶೇಕಡಾ ಸಿಗಡಿ ಮತ್ತು ಸಣ್ಣ ಏಡಿ, 30 ಶೇಕಡಾ ಮೀನು. ‘ಕುರುಡಿಗೆ ಮೀನು ಹಾಕಿದರೆ ಮುಗಿಯಿತು’ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಹೊಳೆಯಲ್ಲಿ ಅದರ ಮುಖ್ಯ ಊಟ ಮೀನಲ್ಲ, ಸಿಗಡಿ. ಮೀನುಪೇಟೆಯಲ್ಲಿ ಸಿಗಡಿ ತಲೆ ಸಿಕ್ಕಿದರೆ ಅರೆದು ಆಹಾರಕ್ಕೆ ಬೆರೆಸಿ, ವಾಸನೆಗೇ ಮೀನು ಮೇಲೆ ಬರುತ್ತದೆ.

ಪಂಜರದವರಿಗೆ ಇದರಿಂದ ಮುಖ್ಯವಾಗಿ ಬೇಕಾದದ್ದು ಇಷ್ಟು. ಕುರುಡಿ ಕದಲುವ ವಸ್ತುವಿಗೆ ಬಾಯಿ ಹಾಕುತ್ತದೆ, ನೀರಿನಲ್ಲಿ ಇಳಿಯುತ್ತಿರುವ ತುಂಡು ಅದರ ಕಣ್ಣಿಗೆ ಜೀವಂತ ಬೇಟೆ. ತಳ ಮುಟ್ಟಿ ನಿಂತದ್ದನ್ನು ಮೂಸಿಯೂ ನೋಡುವುದಿಲ್ಲ. ಬೆಳಕು ಹರಿಯುವಾಗ ಮತ್ತು ಮುಸ್ಸಂಜೆಯಲ್ಲಿ ಅದರ ಹಸಿವು ಹೆಚ್ಚು. ಕೊನೆಯದು, ಪಕ್ಕದಲ್ಲಿರುವುದು ತನ್ನದೇ ಅಣ್ಣತಮ್ಮನಾದರೂ ಬಾಯಿಗೆ ಹಿಡಿಸಿದರೆ ನುಂಗುತ್ತದೆ.

ಹೆಜ್ಜೆ 2: ಮರಿ ಕೊಳ್ಳುವಾಗಲೇ ಆಹಾರ ವಿಚಾರಿಸಿ

ಮರಿಕೇಂದ್ರದಲ್ಲಿ ಮರಿಗಳಿಗೆ ಮೊದಲು ರೋಟಿಫರ್, ಆಮೇಲೆ ಆರ್ಟೀಮಿಯ ಎಂಬ ಸಣ್ಣ ಜಲಜೀವಿಗಳು, ಅದಾದ ಮೇಲೆ ನಿಧಾನಕ್ಕೆ ಪುಡಿ ಆಹಾರ ಕೊಟ್ಟು ಒಣ ಫೀಡ್ ತಿನ್ನಲು ಕಲಿಸುತ್ತಾರೆ. ಮೂರು ಪ್ರಶ್ನೆ ಕೇಳಿ: ಮರಿ ಈಗ ಏನು ತಿನ್ನುತ್ತಿದೆ, ಎಷ್ಟು ಮಿಲಿಮೀಟರ್‌ನ ಕಾಳು, ದಿನಕ್ಕೆ ಎಷ್ಟು ಸಲ. ಸಾಧ್ಯವಾದರೆ ಅದೇ ಫೀಡಿನ ಒಂದು ವಾರದ ದಾಸ್ತಾನನ್ನು ಅಲ್ಲಿಂದಲೇ ತನ್ನಿ. ಜಾಗ ಬದಲಾದ ವಾರವೇ ಊಟವನ್ನೂ ಬದಲಿಸಿದರೆ ಮರಿ ಸೊರಗುತ್ತದೆ. ಸೊರಗಿದ ಮರಿ ಬಲಿತ ಮರಿಯ ಬಾಯಿಗೆ ಬೀಳುವುದು ಖಚಿತ.

ಅಳಿವೆಯಲ್ಲೇ ಹಿಡಿದ ಕಾಡು ಮರಿ ತಂದರೆ ಅದು ಕಾಳು ತಿನ್ನಲು ಕಲಿತಿರುವುದಿಲ್ಲ. ಸಣ್ಣಗೆ ಕೊಚ್ಚಿದ ಸಿಗಡಿಯಿಂದ ಶುರುಮಾಡಬೇಕು. ತಂದ ದಿನ ಯಾವ ಮರಿಗೂ ಏನೂ ಹಾಕಬೇಡಿ, ಮರುದಿನ ಬೆಳಿಗ್ಗೆ ಸ್ವಲ್ಪವೇ ಹಾಕಿ ನೋಡಿ. ದೊಡ್ಡ ಪಂಜರಕ್ಕೆ ಬಿಡುವ ಮರಿ 8ರಿಂದ 10 ಸೆಂ.ಮೀ. ಇರಲಿ. ಅದಕ್ಕಿಂತ ಸಣ್ಣದಿದ್ದರೆ ಸಣ್ಣ ಕಣ್ಣಿನ ಹಾಪಾ ಬಲೆಯಲ್ಲಿ ಕೆಲವು ವಾರ ಬೆಳೆಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಗಾತ್ರ ನೋಡಿ ಬೇರ್ಪಡಿಸಿ

ಆಹಾರದ ಲೇಖನದಲ್ಲಿ ಮರಿ ಬೇರ್ಪಡಿಸುವ ಮಾತೇಕೆ ಎನ್ನಬಹುದು. ಮೊದಲ ಎರಡು ಮೂರು ತಿಂಗಳು ನಿಮ್ಮ ಮರಿಗಳಿಗೆ ಸಿಗುವ ಅತಿ ದುಬಾರಿ ಆಹಾರ ಇನ್ನೊಂದು ಮರಿಯೇ, ಅದಕ್ಕೆ.

ಕುರುಡಿ ಮರಿ ತನ್ನ ಉದ್ದದ ಅರ್ಧಕ್ಕಿಂತ ದೊಡ್ಡ ಮರಿಯನ್ನು, ಕೆಲವೊಮ್ಮೆ ಮೂರನೇ ಎರಡು ಪಾಲು ಉದ್ದದ್ದನ್ನೂ, ನುಂಗಬಲ್ಲದು. ಅಂದರೆ 9 ಸೆಂ.ಮೀ. ಮರಿಯ ಪಕ್ಕ 6 ಸೆಂ.ಮೀ. ಮರಿ ಇದ್ದರೆ ಅದು ಉಳಿಯುವ ಖಾತ್ರಿಯಿಲ್ಲ. ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸತ್ತು ತೇಲುವುದೂ ಉಂಟು. ಒಮ್ಮೆ ತಮ್ಮವರನ್ನು ತಿಂದು ಕೊಬ್ಬಿದ ಮರಿ ಉಳಿದವಕ್ಕಿಂತ ಬೇಗ ಬೆಳೆಯುತ್ತದೆ, ಬೆಳೆದಷ್ಟೂ ನುಂಗಲು ಸಿಗುವವು ಹೆಚ್ಚುತ್ತವೆ. ಸತ್ತ ಮೀನು ತೇಲಿದರೆ ಲೆಕ್ಕಕ್ಕೆ ಸಿಗುತ್ತದೆ, ನುಂಗಿಸಿಕೊಂಡದ್ದು ಸಿಗುವುದಿಲ್ಲ. 1,000 ಮರಿ ಇವೆಯೆಂದು ಅಷ್ಟಕ್ಕೂ ಆಹಾರ ಹಾಕುತ್ತಿರುತ್ತೀರಿ, ಬಲೆ ಎತ್ತಿದರೆ 600.

ಹಾಪಾದಲ್ಲಿರುವಾಗ 5ರಿಂದ 7 ದಿನಕ್ಕೊಮ್ಮೆ ಬೇರ್ಪಡಿಸಿ. ತಳದಲ್ಲಿ ಒಂದೇ ಅಳತೆಯ ತೂತು ಕೊರೆದ ಪ್ಲಾಸ್ಟಿಕ್ ಬುಟ್ಟಿ ಸಾಕು. ಬುಟ್ಟಿಯನ್ನು ಅರ್ಧ ನೀರಿನಲ್ಲೇ ಇಟ್ಟು ಮರಿ ಸುರಿದರೆ ಸಣ್ಣವು ತಾವಾಗಿ ಕೆಳಗಿಳಿಯುತ್ತವೆ. ದೊಡ್ಡವು, ನಡುವಿನವು, ಸಣ್ಣವು ಎಂದು ಮೂರು ಗುಂಪು ಮಾಡಿ. ಈ ಕೆಲಸ ಬೆಳಿಗ್ಗೆ, ಆಹಾರ ಹಾಕುವ ಮೊದಲು ಆಗಲಿ. ತುಂಬಿದ ಹೊಟ್ಟೆಯ ಮರಿಯನ್ನು ಮುಟ್ಟಿದರೆ ತಿಂದದ್ದನ್ನು ಕಕ್ಕುತ್ತದೆ. 20 ಸೆಂ.ಮೀ. ದಾಟಿದ ಮೇಲೆ ಈ ಕಾಟ ಬಹುಪಾಲು ತಗ್ಗುತ್ತದೆ. ಆಗಲೂ ತಿಂಗಳಿಗೊಮ್ಮೆ ಕಣ್ಣಾಡಿಸಿ, ಎದ್ದು ಕಾಣುವಷ್ಟು ದೊಡ್ಡದನ್ನು ಬೇರೆ ಮಾಡಿ. ಕೈಗೆ ಗ್ಲೋವ್ಸ್ ಇರಲಿ, ಇದರ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ.

ಮರಿ ಮರಿಯನ್ನು ತಿನ್ನುವುದಕ್ಕೆ ಹಸಿವು ಇನ್ನೊಂದು ಕಾರಣ. ಸಣ್ಣ ಮರಿಗಳಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಎರಡೇ ಸಲ ರಾಶಿ ಸುರಿದರೆ ಬಲವಾದವು ತಿಂದು ತೇಗುತ್ತವೆ, ಅಂಚಿನಲ್ಲಿ ನಿಂತವು ಹಾಗೆಯೇ ಉಳಿಯುತ್ತವೆ.

ಹೆಜ್ಜೆ 4: ಹಸಿ ಮೀನೋ ಪೆಲೆಟ್ಟೋ ತೀರ್ಮಾನಿಸಿ

ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಬಂದರಿನಿಂದ ಹಸಿ ಮೀನು ತಂದು ಕೊಚ್ಚಿ ಹಾಕುತ್ತಾರೆ. ಮಲ್ಪೆ, ಗಂಗೊಳ್ಳಿ, ಕಾರವಾರ ಹತ್ತಿರವಿದ್ದವರಿಗೆ ಅದೇ ಸುಲಭ. ಪೆಲೆಟ್ ಎಂದರೆ ಕಾರ್ಖಾನೆಯಲ್ಲಿ ಮಾಡಿದ ಒಣ ಕಾಳಿನ ಫೀಡ್. ಅದರ ಬೆಲೆ ಕೇಳಿದ ಕೂಡಲೇ ‘ಅಷ್ಟು ಕೊಟ್ಟು ಯಾರು ಹಾಕ್ತಾರೆ ಮಾರಾಯ್ರೆ’ ಎಂದು ಎದ್ದು ಹೋಗುವವರೇ ಹೆಚ್ಚು. ಆದರೆ ಕಿಲೋ ಬೆಲೆಗೆ ಕಿಲೋ ಬೆಲೆ ಹೋಲಿಸುವುದು ಇಲ್ಲಿ ತಪ್ಪು ಲೆಕ್ಕ.

ಹಸಿ ಮೀನಿನಲ್ಲಿ 70ರಿಂದ 75 ಶೇಕಡಾ ನೀರು. ಒಣ ಪೆಲೆಟ್ಟಿನಲ್ಲಿ ನೀರು 10 ಶೇಕಡಾ ಆಸುಪಾಸು. ಆದ್ದರಿಂದಲೇ ಕುರುಡಿ 1 ಕೆ.ಜಿ. ತೂಕ ಹೆಚ್ಚಿಸಿಕೊಳ್ಳಲು ಹಸಿ ಮೀನಾದರೆ ಸಾಮಾನ್ಯವಾಗಿ 5ರಿಂದ 7 ಕೆ.ಜಿ. ಬೇಕು, ಒಳ್ಳೆಯ ಪೆಲೆಟ್ಟಾದರೆ 1.5ರಿಂದ 2 ಕೆ.ಜಿ. ಸಾಕು. ಲೆಕ್ಕ ಮಾಡೋಣ. ಹಸಿ ಮೀನು ಕಿಲೋಗೆ 30 ರೂಪಾಯಿ, ಪೆಲೆಟ್ 120 ರೂಪಾಯಿ ಎಂದಿಟ್ಟುಕೊಳ್ಳಿ. ಹಸಿ ಮೀನು 6 ಕೆ.ಜಿ.ಗೆ 180 ರೂಪಾಯಿ, ಪೆಲೆಟ್ 1.8 ಕೆ.ಜಿ.ಗೆ 216 ರೂಪಾಯಿ. ನಾಲ್ಕು ಪಟ್ಟು ಎಂದು ಕಂಡದ್ದು ಕೊನೆಗೆ 36 ರೂಪಾಯಿಯ ವ್ಯತ್ಯಾಸ. ಅದರ ಮೇಲೆ ಹಸಿ ಮೀನಿಗೆ ಐಸು, ಬಂದರಿಗೆ ಹೋಗಿಬರುವ ಪೆಟ್ರೋಲು, ಕೊಚ್ಚುವ ಕೂಲಿ ಸೇರಿಸಿ. ನಿಮ್ಮೂರಿನ ಬೆಲೆ ಹಾಕಿ ನೀವೇ ನೋಡಿ: ಪೆಲೆಟ್ ಬೆಲೆ ಹಸಿ ಮೀನಿನ ಬೆಲೆಯ ಸುಮಾರು ಮೂರೂಕಾಲು ಪಟ್ಟಿಗಿಂತ ಕಡಿಮೆಯಿದ್ದರೆ ಕಾಗದದ ಮೇಲೂ ಪೆಲೆಟ್ಟೇ ಅಗ್ಗ.

ಹಸಿ ಮೀನನ್ನೇ ಹಾಕುವವರು ಕೆಲವು ವಿಷಯ ತಿಳಿದಿರಲೇಬೇಕು. ಕಣ್ಣು ಗುಂಡಗೆ, ಕಿವಿರು ಕೆಂಪಗೆ ಇರುವ ಮೀನನ್ನೇ ಕೊಳ್ಳಿ. ಹೊಟ್ಟೆಯೊಡೆದ ಬೂತಾಯಿ (ಸಾರ್ಡೀನ್) ಅಗ್ಗಕ್ಕೆ ಸಿಗುತ್ತದೆ, ನಿಜ. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಹಳತಾದರೆ ಎಣ್ಣೆ ಮುಗ್ಗುತ್ತದೆ. ಮುಗ್ಗಿದ ಎಣ್ಣೆ ಮೀನಿನ ಯಕೃತ್ತಿಗೆ ಕೆಡುಕು, ಆಹಾರದಲ್ಲಿರುವ ಇ ವಿಟಮಿನ್ನನ್ನೂ ಅದು ಹಾಳುಮಾಡುತ್ತದೆ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಬೂತಾಯಿ ಜಾತಿಯ, ಕೊಲ್ಲತರು (ಆಂಚೊವಿ) ಜಾತಿಯ ಹಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ನನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದೊಂದನ್ನೇ ಹಸಿಯಾಗಿ ಹಾಕಿದರೆ ಕುರುಡಿ ಊಟ ಬಿಡುತ್ತದೆ, ಸಮತೋಲ ತಪ್ಪಿ ಸುರುಳಿ ಸುತ್ತಿ ಈಜುತ್ತದೆ. ನೋಡಿದವರು ರೋಗ ಎಂದು ಔಷಧಿ ಹುಡುಕುತ್ತಾರೆ. ಬೇಕಾಗಿರುವುದು ಔಷಧಿಯಲ್ಲ, ಊಟದ ಬದಲಾವಣೆ. ಫ್ರೀಜರಿನಲ್ಲಿಟ್ಟರೆ ಆ ಕಿಣ್ವ ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಅದಕ್ಕೆ ಒಂದೇ ಜಾತಿ ಮೀನಿಗೆ ಅಂಟಿಕೊಳ್ಳದೆ ರಾಣಿಮೀನು, ಸಿಗಡಿ ತಲೆ, ಮೀನು ಕಾರ್ಖಾನೆಯಲ್ಲಿ ಉಳಿದ ತುಂಡು, ಹೀಗೆ ಬದಲಿಸುತ್ತಿರಿ, ವಿಟಮಿನ್ ಮಿಶ್ರಣವನ್ನೂ ಸೇರಿಸಿ.

ಜನ ತಿನ್ನುವ ಒಳ್ಳೆಯ ಬೂತಾಯಿಯನ್ನು ಕೊಚ್ಚಿ ಪಂಜರಕ್ಕೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಆರು ಕಿಲೋ ಬೂತಾಯಿ ಆರು ಮನೆಯ ಪದಾರ್ಥ, ಅದರಿಂದ ಬರುವುದು ಒಂದು ಕಿಲೋ ಕುರುಡಿ. ಬೆರಳುದ್ದದ ಮರಿಮೀನುಗಳ ರಾಶಿಯನ್ನು ಕೊಳ್ಳುವುದಂತೂ ಬೇಡವೇ ಬೇಡ. ನಾಳೆ ಬಲೆಗೆ ಬೀಳಬೇಕಾದ ಮೀನನ್ನು ಇಂದೇ ಕೊಚ್ಚಿದಂತೆ ಅದು. ಕಾರ್ಖಾನೆಯ ತಲೆ, ಮುಳ್ಳು, ಹೊಟ್ಟೆಭಾಗ ಸಿಗುವ ಕಡೆ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ.

ಪೆಲೆಟ್ ಕೊಳ್ಳುವವರು ಕುರುಡಿಗೆಂದೇ ಮಾಡಿದ್ದನ್ನು ಕೊಳ್ಳಿ, ಪ್ರೋಟೀನ್ 40 ಶೇಕಡಾಕ್ಕಿಂತ ಮೇಲಿರಬೇಕು, ಮರಿಗಳಿಗೆ 45ರಿಂದ 50. ಕಾಟ್ಲಾ, ರೋಹುಗೆ ಹಾಕುವ ಅಗ್ಗದ ಫೀಡ್ ಇದಕ್ಕಾಗದು. ಮಾಂಸಾಹಾರಿ ಮೀನಿನ ಕರುಳು ಗಿಡ್ಡ, ಪಿಷ್ಟವನ್ನು ಅರಗಿಸುವ ಶಕ್ತಿ ಅದಕ್ಕೆ ಕಡಿಮೆ. ತೇಲುವ ಅಥವಾ ನಿಧಾನವಾಗಿ ಮುಳುಗುವ ಕಾಳು ಆರಿಸಿ. ಗಾತ್ರ ಸುಮಾರಾಗಿ ಹೀಗಿರಲಿ: 10 ಗ್ರಾಂ ಮರಿಗೆ 2 ಮಿ.ಮೀ., 50 ಗ್ರಾಂಗೆ 4, 150 ಗ್ರಾಂ ದಾಟಿದರೆ 6, ಅರ್ಧ ಕಿಲೋ ಮೇಲಿನವಕ್ಕೆ 8ರಿಂದ 10. ಚೀಲವನ್ನು ನೆಲಕ್ಕೆ ತಾಗಿಸದೆ, ಗೋಡೆಗೆ ಒರಗಿಸದೆ ಹಲಗೆಯ ಮೇಲಿಡಿ. ನಮ್ಮ ಕರಾವಳಿಯ ತೇವಕ್ಕೆ ಒಂದು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಮಾಡದಿರುವುದೇ ವಾಸಿ. ಬೂಸ್ಟು ಹಿಡಿದ ಕಾಳನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವ ಉಪಾಯ ಬೇಡ, ಬೂಸ್ಟು ಹೋದರೂ ಅದರ ವಿಷ ಹೋಗುವುದಿಲ್ಲ.

ಹಸಿ ಮೀನಿನ ರುಚಿ ಹತ್ತಿದ ಕುರುಡಿ ಪೆಲೆಟ್ ಕಂಡರೆ ಬಾಯಿಗೆ ಹಾಕಿ ಉಗುಳುತ್ತದೆ. ಒಂದು ದಿನ ಉಪವಾಸ ಹಾಕಿ, ಮರುದಿನ ಅರೆದ ಮೀನಿನ ರಸದಲ್ಲಿ ನೆನೆಸಿದ ಪೆಲೆಟ್ಟನ್ನು ಕಾಲು ಪಾಲು, ಕೊಚ್ಚಿದ ಮೀನು ಮುಕ್ಕಾಲು ಪಾಲು ಬೆರೆಸಿ ಕೊಡಿ. ಎರಡು ದಿನಕ್ಕೊಮ್ಮೆ ಪೆಲೆಟ್ ಹೆಚ್ಚಿಸುತ್ತ ಒಂದೂವರೆ ವಾರದಲ್ಲಿ ಪೂರ್ತಿ ಬದಲಿಸಬಹುದು. ಸಣ್ಣದಿರುವಾಗಲೇ ಇದನ್ನು ಮಾಡಿ ಮುಗಿಸಿ, ಅರ್ಧ ಕಿಲೋ ಆದ ಮೀನು ಹಟಮಾರಿ. ನನ್ನನ್ನು ಕೇಳಿದರೆ, ಮೊದಲ ಮೂರು ತಿಂಗಳು ಪೆಲೆಟ್ಟೇ ಇರಲಿ. ಆಮೇಲೆ ಬಂದರಿನಲ್ಲಿ ತಾಜಾ ಮೀನು ನಿಜವಾಗಿ ಅಗ್ಗವಾಗಿರುವ ವಾರಗಳಲ್ಲಿ ಅದನ್ನು ಬೆರೆಸಿಕೊಳ್ಳಿ.

ಹೆಜ್ಜೆ 5: ಎಷ್ಟು ಹಾಕಬೇಕೆಂದು ಲೆಕ್ಕ ಹಾಕಿ

15 ದಿನಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 30-40 ಮೀನು ಹಿಡಿದು, ನೀರು ತುಂಬಿದ ಬಕೆಟ್ಟನ್ನು ಮೊದಲೇ ತೂಗಿಟ್ಟುಕೊಂಡು ಅದರಲ್ಲೇ ತೂಗಿ. ಸರಾಸರಿ ತೆಗೆದು ಪಂಜರದಲ್ಲಿರುವ ಒಟ್ಟು ಮೀನಿನ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ತೂಕ. ಹಸಿ ಮೀನಾದರೆ ಮೊದಲೆರಡು ತಿಂಗಳು ಆ ತೂಕದ 10 ಶೇಕಡಾವನ್ನು ಎರಡು ಹೊತ್ತಿಗೆ ಹಂಚಿ, ಆಮೇಲೆ 5 ಶೇಕಡಾಕ್ಕೆ ಇಳಿಸಿ ಸಂಜೆ ಒಂದೇ ಹೊತ್ತು ಕೊಟ್ಟರೂ ನಡೆಯುತ್ತದೆ. ಪೆಲೆಟ್ಟಾದರೆ 100 ಗ್ರಾಂ ಆಸುಪಾಸಿನ ಮೀನಿಗೆ 4 ಶೇಕಡಾ, 300 ಗ್ರಾಂಗೆ 2.5, ಅರ್ಧ ಕಿಲೋ ದಾಟಿದ ಮೇಲೆ 1.5ರಿಂದ 2.

1,000 ಮರಿ ಬಿಟ್ಟಿದ್ದೀರಿ, 60 ಸತ್ತಿವೆ, ಉಳಿದ 940ರ ಸರಾಸರಿ 150 ಗ್ರಾಂ ಎಂದುಕೊಳ್ಳಿ. ಒಟ್ಟು 141 ಕೆ.ಜಿ. ಅದರ 3.5 ಶೇಕಡಾ ಎಂದರೆ ದಿನಕ್ಕೆ 5 ಕೆ.ಜಿ.ಗೆ ಸ್ವಲ್ಪ ಕಡಿಮೆ. ಬೆಳಿಗ್ಗೆ 2, ಸಂಜೆ 3. ತಿಂಗಳ ಕೊನೆಗೆ 930 ಮೀನು, ಸರಾಸರಿ 240 ಗ್ರಾಂ ಬಂದರೆ ಒಟ್ಟು 223 ಕೆ.ಜಿ., ಹೆಚ್ಚಿದ್ದು 82 ಕೆ.ಜಿ. ಆ ತಿಂಗಳು ಖರ್ಚಾದ ಪೆಲೆಟ್ 145 ಕೆ.ಜಿ. ಆಗಿದ್ದರೆ, 145ನ್ನು 82ರಿಂದ ಭಾಗಿಸಿ. 1.77 ಬರುತ್ತದೆ, ಅಂದರೆ ಒಂದು ಕಿಲೋ ಬೆಳವಣಿಗೆಗೆ 1.77 ಕಿಲೋ ಪೆಲೆಟ್. 2ರೊಳಗೆ ಇದ್ದರೆ ಚಿಂತೆಯಿಲ್ಲ. 2.5 ದಾಟಿದರೆ ಎಲ್ಲೋ ಸೋರುತ್ತಿದೆ: ಒಂದೋ ಆಹಾರ ಹೊರಹೋಗುತ್ತಿದೆ, ಅಥವಾ ನೀವು ಎಣಿಸಿದಷ್ಟು ಮೀನು ಒಳಗಿಲ್ಲ.

ಈ ಲೆಕ್ಕ ಅಂದಿನ ಗರಿಷ್ಠ ಮಿತಿ ಮಾತ್ರ. ಬಕೆಟ್ಟಿನಲ್ಲಿ 3 ಕಿಲೋ ಒಯ್ದದ್ದಕ್ಕೆ ಮೂರನ್ನೂ ಸುರಿದೇ ಬರಬೇಕೆಂದಿಲ್ಲ.

ಹೆಜ್ಜೆ 6: ಹಾಕುವ ಕೈಗೆ ಅಭ್ಯಾಸ ಮಾಡಿಸಿ

ಎರಡು ಪಂಜರ, ಒಂದೇ ಮರಿ, ಒಂದೇ ಫೀಡ್, ಆದರೂ ಇಳುವರಿ ಬೇರೆ ಬೇರೆ ಆಗುವುದು ಈ ಹೆಜ್ಜೆಯಲ್ಲಿ.

ದಿನಾ ಅದೇ ಹೊತ್ತಿಗೆ, ಪಂಜರದ ಅದೇ ಮೂಲೆಯಲ್ಲಿ ಹಾಕಿ. ಹಾಕುವ ಮೊದಲು ಬಿದಿರಿನ ಕೋಲಿನಿಂದ ನೀರಿಗೆ ನಾಲ್ಕು ಸಲ ಬಡಿಯಿರಿ, ಅಥವಾ ಚೌಕಟ್ಟಿಗೆ ತಟ್ಟಿ. ಮೀನು ಸದ್ದನ್ನು ಬಹಳ ಬೇಗ ಗುರುತಿಸುತ್ತದೆ, ಕೆಲವು ದಿನಗಳಲ್ಲೇ ಬಡಿತ ಕೇಳಿದ ಕೂಡಲೇ ಮೇಲೆ ಬಂದು ಸುತ್ತತೊಡಗುತ್ತದೆ. ಸುತ್ತಲು ಶುರುವಾಗುವ ತನಕ ಒಂದು ಕಾಳನ್ನೂ ಹಾಕಬೇಡಿ. ಆಮೇಲೆ ಒಂದು ಹಿಡಿ ಎರಚಿ. ಅದು ಪೂರ್ತಿ ಮುಗಿಯುವುದನ್ನು ನೋಡಿ, ಮತ್ತೊಂದು ಹಿಡಿ. ಮೊದಮೊದಲು ನೀರು ಕುದಿದಂತೆ ಚಿಮ್ಮುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸದ್ದು ತಗ್ಗಿ, ಮೀನು ಒಂದೊಂದಾಗಿ ಬಂದು ತಿಂದು ಕೆಳಗಿಳಿಯುತ್ತದೆ. ತುಂಡೊಂದು ಎರಡು ಮೀನಿನ ನಡುವೆ ಇಳಿದು ಹೋದರೂ ಯಾವುದೂ ತಿರುಗಿ ನೋಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸಿದರೆ ಬೆಳವಣಿಗೆ ಹೆಚ್ಚುವುದಿಲ್ಲ, ಹೊಟ್ಟೆಯೊಳಗೆ ಕೊಬ್ಬು ಹೆಚ್ಚುತ್ತದೆ, ಅದನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ದೋಣಿಯಿಂದಲೇ ಬಕೆಟ್ ಬೋರಲು ಹಾಕಿ ಹೋಗುವವರ ಪಂಜರದ ಕೆಳಗೆ ಹೊಳೆಮೀನುಗಳ ಜಾತ್ರೆ ನೆರೆದಿರುತ್ತದೆ. ಅವುಗಳಿಗೂ ಹೊಟ್ಟೆಯಿದೆ ಎನ್ನಿ, ಆದರೆ ಅದನ್ನು ತುಂಬಿಸುವುದು ನಿಮ್ಮ ಸಾಲದ ದುಡ್ಡು. ಅವು ತಿಂದು ಉಳಿದದ್ದು ಕೊಳೆತು ತಳದ ಕೆಸರು ಕಪ್ಪಾಗುತ್ತದೆ, ಮೊಟ್ಟೆ ಕೊಳೆತ ವಾಸನೆ ಬರುತ್ತದೆ. ಆ ಅನಿಲ ಏಳುವ ಜಾಗದಲ್ಲಿ ಕುರುಡಿಗೆ ಊಟ ರುಚಿಸುವುದಿಲ್ಲ.

ಉಬ್ಬರ ಇಳಿತವನ್ನೂ ನೋಡಬೇಕು. ಸೆಳೆತ ಜೋರಿರುವಾಗ ಎರಚಿದ ಕಾಳು ಮೀನಿನ ಬಾಯಿಗೆ ಸಿಗುವ ಮೊದಲೇ ಬಲೆ ದಾಟುತ್ತದೆ. ಏರಿದ ನೀರು ಇಳಿಯಲು ಶುರುವಾಗುವ ಮೊದಲು, ಇಳಿದ ನೀರು ಏರುವ ಮೊದಲು, ಹರಿವು ಸ್ವಲ್ಪ ಹೊತ್ತು ನಿಲ್ಲುತ್ತದಲ್ಲ, ಅದೇ ಒಳ್ಳೆಯ ಸಮಯ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಮೀನಿಗೆ ಮಾತ್ರ ನಿಗದಿತ ಹೊತ್ತು ಬೇಕು. ಎರಡನ್ನೂ ಪೂರ್ತಿ ಹೊಂದಿಸಲು ಆಗದು. ಬೆಳಗು ಸಂಜೆಯ ಹೊತ್ತನ್ನು ಬಿಡದೆ, ಅದರೊಳಗೇ ಅರ್ಧ ಮುಕ್ಕಾಲು ಗಂಟೆ ಆಚೀಚೆ ಮಾಡಿಕೊಳ್ಳಿ. ಸೆಳೆತದಲ್ಲೇ ಹಾಕಬೇಕಾಗಿ ಬಂದರೆ ನೀರು ಬರುವ ದಿಕ್ಕಿನ ಅಂಚಿನಲ್ಲಿ ನಿಂತು ಹಾಕಿ, ಕಾಳು ಪಂಜರದ ಪೂರ್ತಿ ಉದ್ದ ತೇಲಿ ಹೋಗಲಿ. ತೇಲುವ ಪೆಲೆಟ್ಟಿಗೆ ಪಂಜರದೊಳಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಪಿವಿಸಿ ಪೈಪಿನ ಉಂಗುರಕ್ಕೆ ಕಟ್ಟಿ ತೇಲಬಿಟ್ಟರೆ ಕಾಳು ಅದರೊಳಗೇ ನಿಲ್ಲುತ್ತದೆ. ಖರ್ಚು ಕೆಲವು ನೂರು ರೂಪಾಯಿ, ಉಳಿತಾಯ ಮೊದಲ ತಿಂಗಳಲ್ಲೇ ಕಾಣುತ್ತದೆ.

ಹೆಜ್ಜೆ 7: ತಿನ್ನದ ದಿನ ಕಾರಣ ಹುಡುಕಿ

ಕುರುಡಿಗೆ ಏನೇ ತೊಂದರೆಯಾದರೂ ಮೊದಲು ಬಿಡುವುದು ಊಟ. ಗಾಯ, ಬಣ್ಣಗೆಡುವುದು ಎಲ್ಲ ಆಮೇಲೆ ಕಾಣುತ್ತದೆ.

ಬೆಳಿಗ್ಗೆ ಮಾತ್ರ ತಿನ್ನುತ್ತಿಲ್ಲ, ಸಂಜೆ ಸರಿಯಾಗಿ ತಿನ್ನುತ್ತಿದೆ ಎಂದಾದರೆ ನೀರಿನಲ್ಲಿ ಆಮ್ಲಜನಕ ಸಾಲದೆ ಇರಬಹುದು. ರಾತ್ರಿ ಕಳೆದು ಬೆಳಗಾಗುವಾಗ ಅದು ಅತಿ ಕಡಿಮೆ. ಲೀಟರಿಗೆ 4 ಮಿ.ಗ್ರಾಂಗಿಂತ ಕೆಳಗಿದ್ದರೆ ಆಹಾರ ಹಾಕಬೇಡಿ, ತಿಂದದ್ದನ್ನು ಅರಗಿಸಲೂ ಆಮ್ಲಜನಕ ಬೇಕು. ಬಲೆಯನ್ನು ಮುಟ್ಟಿ ನೋಡಿ. ಪಾಚಿ, ಬಾರ್ನಾಕಲ್, ಪಚ್ಚಿಲೆ ಹತ್ತಿ ಕಣ್ಣು ಮುಚ್ಚಿದ್ದರೆ ಹೊಸ ನೀರು ಒಳಗೆ ಬರುವುದೇ ಇಲ್ಲ. ಬಲೆ ಉಜ್ಜುವುದು ಅಥವಾ ಬದಲಿಸುವುದು ಆ ವಾರದ ಮೊದಲ ಕೆಲಸವಾಗಬೇಕು.

ಮೀನು ಬಲೆಗೆ ಮೈ ಉಜ್ಜುತ್ತಿದ್ದರೆ ಪರೋಪಜೀವಿಗಳ ಅನುಮಾನ. ಎರಡು ಮೀನು ಹಿಡಿದು ಕಿವಿರು ಎತ್ತಿ ನೋಡಿ, ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ತೋರಿಸಿ. ಒಂದೇ ರಾತ್ರಿಯಲ್ಲಿ ಎಲ್ಲವೂ ಬೆದರಿ ಮೂಲೆ ಸೇರಿದ್ದರೆ ನೀರುನಾಯಿ ಬಂದುಹೋಗಿರಬಹುದು, ಬಲೆಯಲ್ಲಿ ಹರಿದ ಜಾಗ ಹುಡುಕಿ. ನೀರು ಇದ್ದಕ್ಕಿದ್ದಂತೆ ತಂಪಾದರೂ, ಏಪ್ರಿಲ್-ಮೇಯ ಇಳಿತದಲ್ಲಿ ಮಧ್ಯಾಹ್ನ ಕಾದು ಬಿಸಿಯಾದರೂ ಹಸಿವು ತಗ್ಗುತ್ತದೆ, ಅದಕ್ಕೆ ಗಾಬರಿ ಬೇಡ. 26ರಿಂದ 32 ಡಿಗ್ರಿ ಅದಕ್ಕೆ ಹಿತ. ಯಾವ ಕಾರಣವೇ ಇರಲಿ, ತಿನ್ನದ ದಿನ ‘ನಾಳೆ ತಿನ್ನಬಹುದು’ ಎಂದು ಹಾಕಿ ಬರುವುದು ಬೇಡ. ಆರೋಗ್ಯವಂತ ಕುರುಡಿಗೆ ಎರಡು ಮೂರು ದಿನದ ಉಪವಾಸ ಏನೂ ಅಲ್ಲ.

ಹೆಜ್ಜೆ 8: ಮಳೆಗಾಲಕ್ಕೆ ಮೊದಲೇ ಯೋಚಿಸಿ

ಕುರುಡಿ ಸಿಹಿನೀರನ್ನು ತಡೆಯುತ್ತದೆ. ಕಷ್ಟವಾಗುವುದು ಉಪ್ಪು ಒಂದೇ ದಿನದಲ್ಲಿ ಇಳಿದಾಗ, ಕೆಂಪು ನೀರು ಕಿವಿರಿಗೆ ತುಂಬಿದಾಗ. ಮೊದಲ ದೊಡ್ಡ ಮಳೆಯ ವಾರ ಆಹಾರವನ್ನು ಅರ್ಧಕ್ಕೆ ಇಳಿಸಿ. ಬೇಟೆಗೆ ಕಣ್ಣನ್ನೇ ಹೆಚ್ಚಾಗಿ ನಂಬುವ ಮೀನಾದ್ದರಿಂದ ಕದಡಿದ ನೀರಿನಲ್ಲಿ ಕಾಳು ಅದಕ್ಕೆ ಕಾಣುವುದೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಹಸಿ ಮೀನನ್ನೇ ನಂಬಿದವರಿಗೆ ಆಗ ಆಹಾರ ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಕೈಗೆಟಕುವುದಿಲ್ಲ. ಮೇ ತಿಂಗಳಲ್ಲಿ ಪೆಲೆಟ್ ಅಭ್ಯಾಸ ಮಾಡಿಸಲು ಹೊರಟರೆ ತಡವಾಯಿತು, ಏಪ್ರಿಲ್‌ನಲ್ಲೇ ಮುಗಿದಿರಬೇಕು. ನೆರೆ ಜೋರಾಗಿ ಬರುವ ಹೊಳೆಯವರು ಮಳೆಗೆ ಮೊದಲೇ ಮೀನು ಹಿಡಿದು ಮಾರಿ, ಮಳೆ ನಿಂತ ಮೇಲೆ ಹೊಸ ಮರಿ ಬಿಡುವುದು ಕ್ಷೇಮ.

ಹೆಜ್ಜೆ 9: ಹಿಡಿಯುವ ಮೊದಲು ಹೊಟ್ಟೆ ಖಾಲಿ ಮಾಡಿಸಿ

ಮಾರಾಟಕ್ಕೆ ಹಿಡಿಯುವ ಹಿಂದಿನ ಒಂದು ದಿನ, ದೂರದ ಊರಿಗೆ ಕಳಿಸುವುದಾದರೆ ಎರಡು ದಿನ, ಆಹಾರ ನಿಲ್ಲಿಸಿ. ತುಂಬಿದ ಹೊಟ್ಟೆಯ ಮೀನು ಐಸಿನಲ್ಲಿಟ್ಟರೂ ಒಳಗಿನಿಂದ ಬೇಗ ಕೆಡುತ್ತದೆ. ತೂಕ ಹೆಚ್ಚು ಸಿಗಲಿ ಎಂದು ಹಿಡಿಯುವ ಬೆಳಿಗ್ಗೆ ಹೊಟ್ಟೆ ತುಂಬಿಸುವವರನ್ನು ಖರೀದಿದಾರರು ಒಂದು ಸಲ ನೋಡಿ ಸುಮ್ಮನಿರುತ್ತಾರೆ, ಮುಂದಿನ ಸಲ ಬೆಲೆ ಇಳಿಸುತ್ತಾರೆ. ಹಿಡಿದ ದಿನ ನಾಲ್ಕೈದು ಮೀನಿನ ಹೊಟ್ಟೆಯನ್ನು ನೀವೇ ಸೀಳಿ ನೋಡಿ. ಕರುಳಿನ ಸುತ್ತ ಬಿಳಿ ಕೊಬ್ಬು ದಪ್ಪಗೆ ಕಟ್ಟಿದ್ದರೆ ಕೊನೆಯ ತಿಂಗಳುಗಳಲ್ಲಿ ಆಹಾರ ಜಾಸ್ತಿಯಾಗಿದೆ. ಯಕೃತ್ತು ಕೆಂಪು ಕಂದು ಬಣ್ಣ ಬಿಟ್ಟು ಹಳದಿಗೆ ತಿರುಗಿದ್ದರೆ ಎಣ್ಣೆ ಮುಗ್ಗಿದ ಮೀನನ್ನೋ ಹಳೆಯ ಫೀಡನ್ನೋ ಅನುಮಾನಿಸಿ. ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಂದಿನ ಬೆಳೆಯ ಫೀಡ್ ಕೊಳ್ಳುವ ಮೊದಲು ತೆರೆದು ನೋಡಿ.